ಲಸಿಕೆ ಹಾಕಿದ ಹಸುವಿಗೂ ಕಾಲುಬಾಯಿ ತಗುಲಿದೆಯೇ? ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ ಹತ್ತು ಎಚ್‌ಎಫ್ ತಳಿಯ ಹಸು, ಮೂರು ಎಳೆಗರು ಇವೆ. ಹಸುಗಳಿಗೆಲ್ಲ ಎರಡು ತಿಂಗಳ ಹಿಂದೆ ಕಾಲುಬಾಯಿ ಲಸಿಕೆ ಆಗಿದೆ. ಕಳೆದ ವಾರ ಸಂತೆಯಿಂದ ಎರಡು ಹಸು ತಂದೆವು. ಅವಕ್ಕೆ ಗುರುತಿನ ಸಂಖ್ಯೆಯ ಕಿವಿಯೋಲೆ ಇಲ್ಲ, ಲಸಿಕೆ ಆಗಿದೆಯೋ ಇಲ್ಲವೋ ತಿಳಿಯದು. ಅದರಲ್ಲಿ ಒಂದು ನಿನ್ನೆಯಿಂದ ಜೊಲ್ಲು ಸುರಿಸುತ್ತಿದೆ, ಮೇವು ಮುಟ್ಟುತ್ತಿಲ್ಲ. ಹಳೆಯ ಹಸುಗಳು ಚೆನ್ನಾಗಿಯೇ ಇವೆ, ಆದರೆ ಒಂದರ ಹಾಲು ಎರಡು ಲೀಟರ್ ಇಳಿದಿದೆ. ಅದಕ್ಕೂ ರೋಗ ತಗುಲಿದೆಯೇ ಎಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆಯೇ? ಲಸಿಕೆ ಹಾಕಿಸಿದ್ದರೆ ಹೇಗಿದ್ದರೂ ಪಾಸಿಟಿವ್ ಬರುತ್ತದೆ ಎನ್ನುತ್ತಾರಲ್ಲ? (ಕೋಲಾರ ಜಿಲ್ಲೆಯ ಓದುಗರೊಬ್ಬರು)

ಉತ್ತರ: ರಕ್ತದ ವಿಚಾರ ಆಮೇಲೆ. ಜೊಲ್ಲು ಸುರಿಸುತ್ತಿರುವ ಹಸುವಿನ ಬಾಯನ್ನು ಇವತ್ತೇ ವೈದ್ಯರಿಗೆ ತೋರಿಸಿ. ಇವತ್ತು ಅದರ ನಾಲಿಗೆಯ ಮೇಲಿರುವ ಸಾಕ್ಷ್ಯ ನಾಲ್ಕು ದಿನ ಬಿಟ್ಟರೆ ಇರುವುದಿಲ್ಲ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕಾಲುಬಾಯಿ ಶಂಕೆ ಬಂದರೆ ತಿಳಿಸುವುದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ ಮಾಲೀಕರ ಹೊಣೆಯೂ ಹೌದು. ವೈದ್ಯರು ಬರುವವರೆಗೆ ಹೊಸ ಹಸುಗಳೆರಡನ್ನೂ ದೂರ ಕಟ್ಟಿ. ಅವುಗಳ ಬಕೆಟ್, ಹಗ್ಗ, ಗೋದಲಿ ಬೇರೆ ಇರಲಿ. ಹಾಲು ಕರೆಯುವವರು ಮೊದಲು ಹಳೆಯ ಹಸುಗಳನ್ನು ಮುಗಿಸಿ ಕೊನೆಗೆ ಅವುಗಳ ಹತ್ತಿರ ಹೋಗಲಿ. ಬಾಯಿಗೆ ಪೊಟ್ಯಾಶ್ ನೀರು, ಬೋರಿಕ್, ಹುಳಿ ನೀರು ಯಾವುದನ್ನೂ ಸದ್ಯಕ್ಕೆ ಹಾಕಬೇಡಿ. ಈ ವೈರಸ್ ಹುಳಿಗೆ ಬಹಳ ಬೇಗ ಸಾಯುತ್ತದೆ. ಚಿಕಿತ್ಸೆಗೆ ಅದು ಒಳ್ಳೆಯದೇ, ಆದರೆ ತೊಳೆದ ಹುಣ್ಣಿನಿಂದ ತೆಗೆದ ಮಾದರಿಯಲ್ಲಿ ಲ್ಯಾಬ್‌ನವರಿಗೆ ಏನೂ ಸಿಗದೆ ಹೋಗಬಹುದು. ಮಾದರಿ ತೆಗೆದಾದ ಮೇಲೆ ಧಾರಾಳವಾಗಿ ತೊಳೆಯಿರಿ.

ಲಸಿಕೆ ಕಾಣದ ದೊಡ್ಡ ಹಸುವಿನಲ್ಲಿ, ಅದರಲ್ಲೂ ಮಿಶ್ರತಳಿಯಲ್ಲಿ, ಕಾಲುಬಾಯಿ ಗುರುತಿಸುವುದು ಕಷ್ಟವಲ್ಲ. ವೈರಸ್ ಹೊಕ್ಕು 2ರಿಂದ 14 ದಿನದೊಳಗೆ, ಹೆಚ್ಚಾಗಿ ಮೊದಲ ವಾರದಲ್ಲೇ, 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬರುತ್ತದೆ. ಹಾಲು ದಿಢೀರನೆ ಇಳಿಯುತ್ತದೆ. ಹಸು ಮೆಲುಕು ನಿಲ್ಲಿಸಿ ಬಾಯಿ ಚಪ್ಪರಿಸತೊಡಗುತ್ತದೆ. ಆ ಚಪ್ಪರಿಕೆ ಕೊಟ್ಟಿಗೆಯ ಹೊರಗಿನಿಂದಲೇ ಕೇಳಿಸುವುದುಂಟು. ಆಮೇಲೆ ದಾರದಂತೆ ಇಳಿಯುವ ಜೊಲ್ಲು, ನಿಂತಲ್ಲೇ ಕಾಲು ಬದಲಿಸುವುದು, ಕಾಲು ಕೊಡವುವುದು. ನಾಲಿಗೆ, ವಸಡು, ತುಟಿಯ ಒಳಭಾಗ, ಗೊರಸಿನ ಸಂದು, ಗೊರಸು ಚರ್ಮಕ್ಕೆ ಸೇರುವ ಅಂಚು, ಕೆಚ್ಚಲ ಮೊಲೆ, ಈ ಆರೂ ಜಾಗವನ್ನು ನೋಡಲೇಬೇಕು. ಬರೀ ಬಾಯಿ ನೋಡಿ ಬಿಟ್ಟರೆ ಅರ್ಧ ನೋಡಿದಂತೆ.

ಬಾಯಿ ನೋಡುವಾಗ ಒಬ್ಬರು ಮೂಗುದಾರ ಹಿಡಿದು ತಲೆ ಎತ್ತಲಿ. ಇನ್ನೊಬ್ಬರು ಕೈಗವಸು ಹಾಕಿ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಮೊಬೈಲ್ ಟಾರ್ಚ್‌ನಲ್ಲಿ ನೋಡಲಿ. ಮೊದಲ ದಿನ ನಾಲಿಗೆಯ ಮೇಲೆ ಬಿಳಿಚಿದ ಜಾಗ ಕಾಣುತ್ತದೆ, ಅದು ಉಬ್ಬಿ ನೀರುಗುಳ್ಳೆಯಾಗುತ್ತದೆ. ಗುಳ್ಳೆ ಬಹುಬೇಗ ಒಡೆಯುವುದರಿಂದ ಇಡೀ ಗುಳ್ಳೆ ನೋಡಲು ಸಿಗುವುದು ಅಪರೂಪ. ಎರಡನೆಯ ದಿನ ಗುಳ್ಳೆಯ ಜಾಗದಲ್ಲಿ ಹಸಿ ಕೆಂಪು ಹುಣ್ಣು ಇರುತ್ತದೆ, ಅಂಚು ಕತ್ತರಿಸಿದಷ್ಟು ಸ್ಪಷ್ಟ, ಪಕ್ಕದಲ್ಲಿ ತೆಳು ಬಿಳಿ ಪೊರೆ ಜೋತಾಡುತ್ತಿರುತ್ತದೆ. ಬೆರಳು ಸೋಕಿದರೂ ನಾಲಿಗೆಯ ಸಿಪ್ಪೆ ಕಿತ್ತು ಬರುವುದು ಈ ಹೊತ್ತಿನಲ್ಲೇ. ಮೂರನೆಯ ದಿನ ಕೆಂಪು ಮಂಕಾಗಿ, ಅಂಚು ಮಸುಕಾಗಿ, ಮೇಲೆ ಹಳದಿ ಮಿಶ್ರಿತ ಲೇಪ ಕೂರತೊಡಗುತ್ತದೆ. ನಾಲ್ಕನೆಯ ದಿನ ಲೇಪ ದಪ್ಪವಾಗಿ, ಸುತ್ತಲಿಂದ ಹೊಸ ಚರ್ಮ ಒಳಗೆ ಬೆಳೆಯತೊಡಗುತ್ತದೆ. ಏಳನೆಯ ದಿನದ ಹೊತ್ತಿಗೆ ಮಾಯುತ್ತಿರುವ ಕಲೆಯಷ್ಟೇ. ಕಾಲಿನ ಹುಣ್ಣು ನೋಡಿ ಹೀಗೆ ದಿನ ಎಣಿಸಲು ಹೋಗಬೇಡಿ. ಸಗಣಿ, ಗಂಜಲ ತಗುಲಿ ಕೀವು ಕಟ್ಟುವುದರಿಂದ ಲೆಕ್ಕ ತಪ್ಪುತ್ತದೆ.

ಈ ದಿನಗಣನೆ ಒಂದು ಕಾರಣಕ್ಕೆ ಮುಖ್ಯ. ಸಂತೆಯಿಂದ ತಂದ ಹಸುವಿನ ಹುಣ್ಣು ಇವತ್ತು ಎರಡು ದಿನದ್ದಾದರೆ, ಅದು ನಿಮ್ಮಲ್ಲಿಗೆ ಬಂದು ವಾರವಾಗಿರುವುದರಿಂದ, ಸೋಂಕು ತಗುಲಿದ್ದು ಸಂತೆಯಲ್ಲಿ ಅಥವಾ ಅದಕ್ಕೂ ಹಿಂದೆ ಇರಬಹುದು. ಹುಣ್ಣು ಕಾಣುವ ಮೊದಲೇ ಹಸು ವೈರಸ್ ಹೊರಬಿಡತೊಡಗಿರುತ್ತದೆ. ಹಾಗಾಗಿ ನಿಮ್ಮ ಹಳೆಯ ಹತ್ತಕ್ಕೂ ಸೋಂಕು ಎದುರಾಗಿದೆ ಎಂದೇ ತಿಳಿದು ಮುಂದುವರಿಯಿರಿ. ಜೊಲ್ಲು ಸುರಿಸಿದ್ದೆಲ್ಲ ಕಾಲುಬಾಯಿಯಲ್ಲ ಎಂಬುದೂ ನಿಜ. ಬಾಯಿಗೆ ಮುಳ್ಳು ಚುಚ್ಚಿದ್ದರೆ, ಗಂಟಲಲ್ಲಿ ಏನಾದರೂ ಸಿಕ್ಕಿದ್ದರೆ, ಚರ್ಮಗಂಟು ರೋಗದಲ್ಲಿ ಬಾಯಿ ಹುಣ್ಣಾಗಿದ್ದರೆ ಆಗಲೂ ಜೊಲ್ಲು ಸುರಿಯುತ್ತದೆ. ಗೊರಸು ಕೊಳೆತರೆ ಕುಂಟುತ್ತದೆ, ಆದರೆ ಬಾಯಿ ಸರಿಯಿರುತ್ತದೆ. ಜ್ವರ, ಬಾಯಿ, ಕಾಲು ಮೂರೂ ಕೂಡಿ ಬಂದರೆ ಅನುಮಾನಕ್ಕೆ ಜಾಗ ಕಡಿಮೆ. ಆದರೂ ಖಚಿತ ಮಾಡುವುದು ಲ್ಯಾಬ್.

ಇನ್ನು ಲಸಿಕೆಯಾದ ಹಸು. ಲಸಿಕೆ ಕೊಟ್ಟ ರಕ್ಷಣೆ ಮುಖ್ಯವಾಗಿ ರಕ್ತದಲ್ಲಿರುತ್ತದೆ. ವೈರಸ್ ಗಂಟಲಿನಲ್ಲಿ ತಳವೂರುವುದನ್ನು ಅದು ಪೂರ್ತಿ ತಡೆಯುವುದಿಲ್ಲ, ರಕ್ತಕ್ಕಿಳಿದು ಕಾಲಿಗೆ, ಕೆಚ್ಚಲಿಗೆ ಹರಡುವುದನ್ನು ತಡೆಯುತ್ತದೆ. ಲಸಿಕೆಯ ಬಲ ಅಳೆಯುವ ಕ್ರಮದಲ್ಲೇ ಈ ಮಾತು ಅಡಗಿದೆ. ಲಸಿಕೆ ಹಾಕಿದ ಹಸುವಿನ ನಾಲಿಗೆಗೆ ನೇರವಾಗಿ ವೈರಸ್ ಚುಚ್ಚುತ್ತಾರೆ. ನಾಲಿಗೆಯಲ್ಲಿ ಗುಳ್ಳೆ ಎದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಾಲಿನಲ್ಲಿ ಗುಳ್ಳೆ ಬಂದರೆ ಮಾತ್ರ ಲಸಿಕೆ ಸೋತಿತು ಎನ್ನುತ್ತಾರೆ. ಹಾಗಾಗಿ ‘ಲಸಿಕೆ ಹಾಕಿದ್ದೇವೆ, ಬಾಯಲ್ಲಿ ಒಂದು ಸಣ್ಣ ಹುಣ್ಣಿದೆ, ಕಾಲು ಸರಿಯಿದೆ, ಇದು ಕಾಲುಬಾಯಿ ಅಲ್ಲ’ ಎಂದು ತೀರ್ಮಾನಿಸುವುದು ತಪ್ಪು. ಲಸಿಕೆಯಾದ ಹಿಂಡಿನಲ್ಲಿ ರೋಗ ಬರುವ ರೀತಿಯೇ ಅದು: ಅರ್ಧ ದಿನದ ಜ್ವರ, ಎರಡು ಹೊತ್ತು ಇಳಿದ ಹಾಲು, ನಾಲಿಗೆಯಲ್ಲಿ ಹುಡುಕಿದರಷ್ಟೇ ಸಿಗುವ ಒಂದು ಗುರುತು. ಬಹಳ ಸಲ ಅದೂ ಇರುವುದಿಲ್ಲ.

ನಿಮ್ಮ ಹಸುವಿನ ಎರಡು ಲೀಟರ್ ಇಳಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಬೆದೆಯಿಂದಲೂ ಇಳಿದಿರಬಹುದು, ಬೂಸಾ ಬದಲಿಸಿದ್ದರಿಂದಲೂ ಇಳಿದಿರಬಹುದು. ಥರ್ಮಾಮೀಟರ್ ಇದನ್ನು ಬಗೆಹರಿಸುತ್ತದೆ. ಗುದದ್ವಾರದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಬೆಳಗ್ಗೆ, ಸಂಜೆ ಎಲ್ಲ ರಾಸುಗಳ ಉಷ್ಣಾಂಶ ನೋಡಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. 14 ದಿನ ಬಿಡದೆ ಮಾಡಿ. ದೊಡ್ಡ ಹಸುವಿಗೆ 101ರಿಂದ 102.5 ಸಹಜ. 103.5 ದಾಟಿದ ಹಸುವಿನ ಬಾಯನ್ನು ಅಂದೇ ನೋಡಬೇಕು, ಏಕೆಂದರೆ ಜ್ವರ ಗುಳ್ಳೆಗಿಂತ ಸುಮಾರು ಒಂದು ದಿನ ಮೊದಲು ಬರುತ್ತದೆ. ಹೊಸ ಹಸುಗಳಿಗೆ ಬಳಸಿದ ಥರ್ಮಾಮೀಟರನ್ನು ಹಳೆಯವಕ್ಕೆ ಬಳಸಬೇಡಿ. ಇನ್ನೊಂದು ಥರ್ಮಾಮೀಟರಿನ ಖರ್ಚು ಉಳಿಸಲು ಹೋಗಿ ರೋಗವನ್ನು ಕೈಯಾರೆ ಹಂಚುವುದು ಬೇಡ.

ಕರುಗಳ ಮೇಲೆ ಇದಕ್ಕಿಂತ ಹೆಚ್ಚು ನಿಗಾ ಬೇಕು. ಮೊದಲ ಲಸಿಕೆ ಬೀಳುವುದೇ ನಾಲ್ಕು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಗಿಣ್ಣದ ಹಾಲಿನಿಂದ ಬಂದ ರಕ್ಷಣೆ ಮಾತ್ರ, ಅದೂ ದಿನೇ ದಿನೇ ಕರಗುತ್ತಿರುತ್ತದೆ. ಲಸಿಕೆಯಾದ ದೊಡ್ಡ ಹಸುಗಳಲ್ಲಿ ಏನೂ ಕಾಣದಿದ್ದರೂ ಕೊಟ್ಟಿಗೆಯಲ್ಲಿ ವೈರಸ್ ಓಡಾಡುತ್ತಿದ್ದರೆ ಮೊದಲು ಬೀಳುವುದು ಇವೇ. ಎಳೆಗರುಗಳಲ್ಲಿ ವೈರಸ್ ಹೃದಯದ ಸ್ನಾಯುವಿಗೇ ಇಳಿಯುವುದರಿಂದ ಬಾಯಲ್ಲಿ ಒಂದು ಗುಳ್ಳೆಯೂ ಇಲ್ಲದೆ, ರಾತ್ರಿ ಹಾಲು ಕುಡಿದ ಕರು ಬೆಳಗ್ಗೆ ಸತ್ತಿರಬಹುದು. ಹಾಗೇನಾದರೂ ಆದರೆ ಹೂಳುವ ಮೊದಲು ವೈದ್ಯರಿಗೆ ಹೇಳಿ. ಹೃದಯ ಕೊಯ್ದು ನೋಡಿದಾಗ ಕೆಂಪು ಮಾಂಸದ ನಡುವೆ ಬೂದು-ಹಳದಿ ಪಟ್ಟೆಗಳು ಕಾಣಬಹುದು. ಹುಲಿ ಹೃದಯ ಎಂದು ಕರೆಯುವುದು ಅದನ್ನೇ.

ಈಗ ರಕ್ತ ಪರೀಕ್ಷೆ. ‘ಲಸಿಕೆ ಹಾಕಿಸಿದ್ದರೆ ಹೇಗಿದ್ದರೂ ಪಾಸಿಟಿವ್’ ಎಂಬ ಮಾತು ಒಂದು ಪರೀಕ್ಷೆಗೆ ನಿಜ, ಇನ್ನೊಂದಕ್ಕೆ ಸುಳ್ಳು. ವೈರಸ್‌ಗೆ ಹೊರಗೊಂದು ಕವಚ ಇರುತ್ತದೆ. ಲಸಿಕೆಯಲ್ಲಿರುವುದು ಕೊಂದ ವೈರಸ್‌ನ ಆ ಕವಚ, ನಮ್ಮ ದೇಶದಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಯದು. ಕವಚದ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು (ರೋಗಾಣು ಎದುರಿಸಲು ದೇಹ ತಯಾರಿಸುವ ಪ್ರೊಟೀನ್) ಅಳೆಯುವ ಎಲೈಸಾ ಎಂಬ ಲ್ಯಾಬ್ ಪರೀಕ್ಷೆ ಮಾಡಿಸಿದರೆ ಲಸಿಕೆಯಾದ ಹಸು ಪಾಸಿಟಿವ್ ಬರುವುದೇ ಸರಿ. ಬರದಿದ್ದರೆ ಲಸಿಕೆ ಹತ್ತಿಲ್ಲ ಎಂದರ್ಥ. ಲಸಿಕೆ ಎಷ್ಟು ಚೆನ್ನಾಗಿ ಹಿಡಿದಿದೆ ಎಂದು ತಿಳಿಯಲು ಅದು ಉಪಯುಕ್ತ, ರೋಗ ಪತ್ತೆಗಲ್ಲ. ಲಸಿಕೆಯೇ ಕಾಣದ ಹಸುವಿನಲ್ಲಾದರೆ ಅದೇ ಪರೀಕ್ಷೆ ಸೋಂಕನ್ನೂ, ಯಾವ ಬಗೆಯದೆಂಬುದನ್ನೂ ಹೇಳಬಲ್ಲದು. ನಿಮ್ಮ ಹೊಸ ಹಸುಗಳ ಲಸಿಕೆಯ ಇತಿಹಾಸವೇ ತಿಳಿಯದಿರುವುದರಿಂದ ಅಲ್ಲೂ ಅದರ ಬೆಲೆ ಅರ್ಧ.

ಬದುಕಿದ ವೈರಸ್ ಹಸುವಿನ ಜೀವಕೋಶದೊಳಗೆ ಹೊಕ್ಕು ಮರಿ ಮಾಡುವಾಗ ಕವಚವಲ್ಲದ ಬೇರೆ ಪ್ರೊಟೀನ್‌ಗಳನ್ನೂ ತಯಾರಿಸುತ್ತದೆ. ಎನ್‌ಎಸ್‌ಪಿ ಎನ್ನುವುದು ಇವಕ್ಕೇ. ಕಾರ್ಖಾನೆಯಲ್ಲಿ ಲಸಿಕೆ ಮಾಡುವಾಗಲೂ ವೈರಸ್ ಬೆಳೆಸಲೇಬೇಕಾದ್ದರಿಂದ ಅವು ಅಲ್ಲೂ ಹುಟ್ಟುತ್ತವೆ, ಆದರೆ ಶುದ್ಧೀಕರಣದಲ್ಲಿ ತೆಗೆದುಹಾಕುತ್ತಾರೆ. ಆದ್ದರಿಂದ ಎನ್‌ಎಸ್‌ಪಿ ವಿರುದ್ಧ ಪ್ರತಿಕಾಯ ಇದ್ದರೆ ಆ ಹಸುವಿನ ಮೈಯಲ್ಲಿ ಯಾವಾಗಲೋ ನಿಜವಾದ ವೈರಸ್ ಬೆಳೆದಿದೆ. ಸೋಂಕಾದ ಹಸುವನ್ನು ಲಸಿಕೆಯಾದ ಹಸುವಿನಿಂದ ಬೇರೆ ಮಾಡಿ ತೋರಿಸುವ ಈ ಪರೀಕ್ಷೆಯನ್ನೇ ಡೈವಾ ಎಲೈಸಾ ಎಂದು ಕರೆಯುವುದು. ಜಗತ್ತಿನ ಬಹುತೇಕ ಕಡೆ 3ಎಬಿಸಿ ಪ್ರೊಟೀನ್ ಬಳಸುತ್ತಾರೆ. ನಮ್ಮ ದೇಶದ ಕಣ್ಗಾವಲಿಗೆ ಇಲ್ಲಿಯ ಕಾಲುಬಾಯಿ ಸಂಶೋಧನಾ ಸಂಸ್ಥೆಯೇ ರೂಪಿಸಿದ 3ಎಬಿ3 ಎಲೈಸಾ ಬಳಕೆಯಲ್ಲಿದೆ. ಆ ಸಂಸ್ಥೆ ಮೊದಲು ಉತ್ತರಾಖಂಡದ ಮುಕ್ತೇಶ್ವರದಲ್ಲಿತ್ತು, ಈಗ ಭುವನೇಶ್ವರದ ಹತ್ತಿರವಿದೆ. ಕರ್ನಾಟಕದ ಮಾದರಿಗಳು ವೈದ್ಯರ ಮೂಲಕ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಹೋಗುತ್ತವೆ.

ಕೇಳಲು ಎಲ್ಲ ಸಲೀಸು. ತೊಡಕು ಬರುವುದು ಫಲಿತಾಂಶವನ್ನು ಓದುವಾಗ. ಶುದ್ಧೀಕರಣ ಎಷ್ಟೇ ಚೆನ್ನಾಗಿದ್ದರೂ ಎನ್‌ಎಸ್‌ಪಿಯ ಕಣ ಸ್ವಲ್ಪ ಉಳಿದಿರಬಹುದು. ಆರು ತಿಂಗಳಿಗೊಮ್ಮೆ ಲಸಿಕೆ ಪಡೆಯುತ್ತ ಏಳೆಂಟು ಸೂಲು ಕಂಡ ಹಸುವಿನಲ್ಲಿ ಅದು ಕೂಡಿ ಕೂಡಿ ಸುಳ್ಳು ಪಾಸಿಟಿವ್ ತರಬಹುದು. ಲಸಿಕೆಯ ಸಂಬಂಧವೇ ಇಲ್ಲದೆಯೂ ಯಾವುದೇ ಎಲೈಸಾ ಆಗೊಮ್ಮೆ ಈಗೊಮ್ಮೆ ಎಡವುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ರೋಗವಿಲ್ಲದ ನೂರು ಹಸುಗಳಲ್ಲಿ 98ನ್ನು ಪರೀಕ್ಷೆ ಸರಿಯಾಗಿ ನೆಗೆಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಹತ್ತು ಹಸುಗಳಿಗೂ ಸೋಂಕೇ ಇಲ್ಲದಿದ್ದರೂ ಒಂದಾದರೂ ಪಾಸಿಟಿವ್ ಬರುವ ಸಾಧ್ಯತೆ ನೂರಕ್ಕೆ 18. ಐವತ್ತು ಹಸುಗಳ ಹಿಂಡಾದರೆ ನೂರಕ್ಕೆ 64. ಆದರೆ ಹತ್ತರಲ್ಲಿ ಎರಡು ಅಥವಾ ಹೆಚ್ಚು ಸುಳ್ಳು ಪಾಸಿಟಿವ್ ಬರುವ ಸಾಧ್ಯತೆ ನೂರಕ್ಕೆ ಎರಡರ ಒಳಗೆ. ಒಂದು ಹಸುವಿನ ಒಂದು ಪಾಸಿಟಿವ್ ಹಿಡಿದು ರೋಗ ಎನ್ನಲು ಲ್ಯಾಬ್‌ನವರು ಹಿಂಜರಿಯುವುದು, ಅಕ್ಕಪಕ್ಕ ಕಟ್ಟಿದ ಎರಡು ಮೂರು ಪಾಸಿಟಿವ್ ಆದರೆ ತಕ್ಷಣ ಎಚ್ಚರಾಗುವುದು ಇದೇ ಕಾರಣಕ್ಕೆ. ಲಸಿಕೆ ಪಡೆದ ದನಗಳಲ್ಲಿ ಈ ಪರೀಕ್ಷೆ ಹಿಂಡಿನದು, ಬಿಡಿ ಹಸುವಿನದಲ್ಲ. ವೈಯಕ್ತಿಕ ಪ್ರಮಾಣಪತ್ರದಂತೆ ಅದನ್ನು ಮಾರಾಟಕ್ಕೆ ಬಳಸುವುದನ್ನು ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ದಿಕ್ಕಿನ ತಪ್ಪೂ ಉಂಟು. ಲಸಿಕೆಯ ಬಲವಿರುವ ಹಸುವಿನಲ್ಲಿ ವೈರಸ್ ಗಂಟಲಲ್ಲೇ ಅಲ್ಪಸ್ವಲ್ಪ ಬೆಳೆದು ನಿಂತರೆ, ಪ್ರತಿಕಾಯ ಹುಟ್ಟುವಷ್ಟು ಎನ್‌ಎಸ್‌ಪಿಯೇ ತಯಾರಾಗುವುದಿಲ್ಲ. ಸೋಂಕು ತಗುಲಿಯೂ ನೆಗೆಟಿವ್ ಬರುತ್ತದೆ. ಲಸಿಕೆ ಕಾಣದ ಹಸುವಿನಲ್ಲಿ ಹೀಗಾಗುವುದು ಕಡಿಮೆ. ಅಲ್ಲಿ ಎನ್‌ಎಸ್‌ಪಿ ಪ್ರತಿಕಾಯ ಎರಡನೆಯ ವಾರದಲ್ಲಿ ಕಾಣಿಸಿ ವರ್ಷಕ್ಕೂ ಮೀರಿ ಉಳಿಯುತ್ತದೆ. ಕರುಗಳ ರಕ್ತವನ್ನು ಓದುವಾಗಲೂ ಜೋಕೆ: ತಾಯಿಗೆ ಹಿಂದೆಂದೋ ರೋಗ ಬಂದಿದ್ದರೆ ಗಿಣ್ಣದ ಹಾಲಿನಲ್ಲಿ ಎನ್‌ಎಸ್‌ಪಿ ಪ್ರತಿಕಾಯವೂ ಕರುವಿಗೆ ಇಳಿದಿರುತ್ತದೆ. ಕಣ್ಗಾವಲಿಗೆ ರಕ್ತ ತೆಗೆಯುವಾಗ ಆರು ತಿಂಗಳು ದಾಟಿದ ಎಳೆ ರಾಸುಗಳನ್ನು ಆರಿಸುವುದು ಇದಕ್ಕೇ.

ಹಾಗಾದರೆ ಯಾವತ್ತು ಯಾವ ಮಾದರಿ? ಹುಣ್ಣು ಹಸಿಯಿದ್ದರೆ ರಕ್ತಕ್ಕಿಂತ ಹುಣ್ಣಿನ ಪೊರೆಯೇ ಬೆಲೆಯುಳ್ಳದ್ದು. ನಿಮ್ಮ ಹೊಸ ಹಸುವಿನಿಂದ ಇವತ್ತು ತೆಗೆಯಬೇಕಾದದ್ದು ಇದು: ಒಡೆದ ಗುಳ್ಳೆಯ ಅಂಚಿನಲ್ಲಿ ಜೋತಾಡುವ ಪೊರೆ, ಕನಿಷ್ಠ ಒಂದು ಗ್ರಾಂ. ಹುಣ್ಣನ್ನು ಶುದ್ಧ ನೀರಲ್ಲಿ ತೊಳೆಯಬಹುದು, ಸ್ಪಿರಿಟ್ ಸೋಕಿಸಬಾರದು. ಪೊರೆಯನ್ನು ಅರ್ಧ ಗ್ಲಿಸರಿನ್, ಅರ್ಧ ಫಾಸ್ಫೇಟ್ ಬಫರ್ ಇರುವ ದ್ರಾವಣಕ್ಕೆ ಹಾಕಬೇಕು, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) 7.2ರಿಂದ 7.6ರೊಳಗಿರಬೇಕು. ಪಿಎಚ್ 6ಕ್ಕಿಂತ ಇಳಿದರೆ ವೈರಸ್ ದಾರಿಯಲ್ಲೇ ಸಾಯುತ್ತದೆ. ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೆ ಹಾಕಿದರೆ ಮಾದರಿ ಕೆಟ್ಟಂತೆಯೇ. ಗುಳ್ಳೆ ಇನ್ನೂ ಒಡೆದಿಲ್ಲದಿದ್ದರೆ ಸಿರಿಂಜಿನಲ್ಲಿ ಅದರ ನೀರನ್ನೇ ಎಳೆದುಕೊಳ್ಳುವುದು ಇನ್ನೂ ಒಳ್ಳೆಯದು. ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲ್ಯಾಬ್ ತಲುಪಬೇಕು. ಅಲ್ಲಿ ಪ್ರತಿಕಾಯದ ಬದಲು ವೈರಸ್ಸನ್ನೇ ಹುಡುಕುವ ಸ್ಯಾಂಡ್‌ವಿಚ್ ಎಲೈಸಾದಲ್ಲಿ ವೈರಸ್ ಬಗೆ ತಿಳಿಯುತ್ತದೆ. ನಮ್ಮ ದೇಶದಲ್ಲಿ ಬಹುಪಾಲು ಓ ಬಗೆಯೇ ಸಿಗುವುದು, ಆದರೂ ನೋಡದೆ ಊಹಿಸಬಾರದು. ಎಲೈಸಾಗೆ ಸಾಕಷ್ಟು ವೈರಸ್ ಬೇಕು, ಸಿಗದಿದ್ದರೆ ಆರ್‌ಟಿ-ಪಿಸಿಆರ್ ಮಾಡುತ್ತಾರೆ.

ಹಾಲು ಇಳಿದ ಹಳೆಯ ಹಸುವಿನಲ್ಲಿ ಹುಣ್ಣಿಲ್ಲದೆ ಜ್ವರ ಮಾತ್ರ ಇದ್ದರೆ ಬಾಯಿಯ ಸ್ವಾಬ್ ಮತ್ತು ಜ್ವರವಿರುವಾಗಲೇ ತೆಗೆದ ರಕ್ತವನ್ನು ಪಿಸಿಆರ್‌ಗೆ ಕಳಿಸಲು ಕೇಳಿ. ಇಲ್ಲಿ ಲಸಿಕೆಯ ಗೊಂದಲವಿಲ್ಲ. ಎರಡು ತಿಂಗಳ ಹಿಂದೆ ಸ್ನಾಯುವಿಗೆ ಚುಚ್ಚಿದ ಸತ್ತ ವೈರಸ್ ಇವತ್ತು ಬಾಯಿಗೆ ಬರುವುದಿಲ್ಲ. ಸ್ವಾಬ್ ಪಾಸಿಟಿವ್ ಬಂದರೆ ಅದು ಹೊರಗಿನ ವೈರಸ್ಸೇ. ಜ್ವರ ಇಳಿದು ದಿನಗಳಾಗಿದ್ದರೆ ಗಂಟಲಿನ ದ್ರವ ಬೇಕು. ಉದ್ದ ಕಡ್ಡಿಯ ತುದಿಗೆ ಸಣ್ಣ ಬಟ್ಟಲಿರುವ ಪ್ರೋಬಾಂಗ್ ಎಂಬ ಸಲಕರಣೆಯನ್ನು ಅನ್ನನಾಳದ ಮೇಲ್ಭಾಗದವರೆಗೆ ಇಳಿಸಿ ಐದಾರು ಸಲ ಆಡಿಸಿ ತೆಗೆಯುತ್ತಾರೆ. ಮೇವು ತಿಂದ ಕೂಡಲೇ ತೆಗೆದರೆ ಮೆಲುಕಿನ ಮೇವು ಬೆರೆತು ಮಾದರಿ ಹಾಳಾಗುತ್ತದೆ. ಇದು ಪಳಗಿದವರ ಕೆಲಸ, ನೀವು ಪ್ರಯತ್ನಿಸಬೇಡಿ.

ಪ್ರತಿಕಾಯದ ರಕ್ತವನ್ನು ಎರಡು ಸಲ ತೆಗೆಸಿ. ಮೊದಲನೆಯದು ಇವತ್ತು, ಕರುಗಳೂ ಸೇರಿ ಎಲ್ಲ ರಾಸುಗಳಿಂದ, ಔಷಧ ಬೆರೆಸದ ಟ್ಯೂಬಿನಲ್ಲಿ ಐದಾರು ಮಿಲಿ. ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಲ್ಲುವ ತಿಳಿ ದ್ರವವಾದ ಸೀರಂ ಬೇರ್ಪಡಿಸಬೇಕು. ಹೆಪ್ಪಿನ ಸಮೇತ ಫ್ರೀಜರಿಗೆ ಹಾಕಿದರೆ ರಕ್ತಕಣ ಒಡೆದು ಸೀರಂ ಕೆಂಪಾಗಿ ಕೆಡುತ್ತದೆ. ಎರಡನೆಯದು ಮೂರು ವಾರದ ನಂತರ, ಅವೇ ರಾಸುಗಳಿಂದ. ಊರಿನಲ್ಲಿ ರೋಗ ಖಚಿತವಾದರೆ ಸುತ್ತಮುತ್ತ ತುರ್ತು ಲಸಿಕೆ ಹಾಕಲು ಬರುತ್ತಾರೆ. ಆ ಸೂಜಿಗೆ ಮೊದಲೇ ಮೊದಲ ರಕ್ತ ತೆಗೆದಿರಲಿ. ಆಗಲೇ ಸೋಂಕು ಹೊಕ್ಕು ಇನ್ನೂ ಗುಳ್ಳೆ ಏಳದ ಹಸುವಿಗೆ ಲಸಿಕೆ ಬಿದ್ದು, ಮೂರು ದಿನಕ್ಕೆ ಬಾಯಿ ಒಡೆದಾಗ ‘ಲಸಿಕೆಯಿಂದಲೇ ರೋಗ ಬಂತು’ ಎಂಬ ಮಾತು ಹುಟ್ಟುವುದು ಹೀಗೆ.

ಫಲಿತಾಂಶ ಬಂದಾಗ ಎರಡೂ ರಕ್ತವನ್ನು ಪಕ್ಕಪಕ್ಕ ಇಟ್ಟು ಓದಬೇಕು. ಮೊದಲು ನೆಗೆಟಿವ್ ಇದ್ದದ್ದು ಮೂರು ವಾರಕ್ಕೆ ಎನ್‌ಎಸ್‌ಪಿ ಪಾಸಿಟಿವ್ ಆದರೆ, ಅದೂ ಒಂದಕ್ಕಿಂತ ಹೆಚ್ಚು ಹಸುವಿನಲ್ಲಿ, ಸೋಂಕು ಈಗಿನದೇ. ಒಂದು ಹಸು ಎರಡೂ ಸಲ ಒಂದೇ ಮಟ್ಟದಲ್ಲಿ ಪಾಸಿಟಿವ್, ಉಳಿದವು ನೆಗೆಟಿವ್ ಎಂದಾದರೆ ಅದು ಹಳೆಯ ಸೋಂಕು ಅಥವಾ ಸುಳ್ಳು ಪಾಸಿಟಿವ್. ಬೇರೆ ಬಗೆಯ ಎನ್‌ಎಸ್‌ಪಿ ಪರೀಕ್ಷೆಯಲ್ಲಿ ಮತ್ತೊಮ್ಮೆ ನೋಡಿಸಿ. ಎಲ್ಲವೂ ನೆಗೆಟಿವ್, ಕವಚದ ಪ್ರತಿಕಾಯ ಚೆನ್ನಾಗಿದೆ, 14 ದಿನ ಜ್ವರವೂ ಇಲ್ಲ ಎಂದಾದರೆ ಲಸಿಕೆ ತನ್ನ ಕೆಲಸ ಮಾಡಿದೆ.

ಸಂತೆಯ ಇನ್ನೊಂದು ಹಸು, ಏನೂ ಆಗಿಲ್ಲದ್ದು, ಮೊದಲ ರಕ್ತದಲ್ಲೇ ಎನ್‌ಎಸ್‌ಪಿ ಪಾಸಿಟಿವ್ ಬರಬಹುದು. ಹೋದ ವರ್ಷ ಅದಕ್ಕೆ ರೋಗ ಬಂದು ವಾಸಿಯಾಗಿದ್ದರೂ ಹಾಗೆ ಬರುತ್ತದೆ. ಗಾಬರಿಯಾಗಿ ಮತ್ತೆ ಸಂತೆಗೆ ಹೊಡೆಯಬೇಡಿ. ಸೋಂಕು ತಗುಲಿದ ದನಗಳಲ್ಲಿ ಸುಮಾರು ಅರ್ಧದಷ್ಟು, ಲಸಿಕೆಯಾಗಿದ್ದರೂ ಆಗದಿದ್ದರೂ, 28 ದಿನದ ನಂತರವೂ ಗಂಟಲಿನಲ್ಲಿ ವೈರಸ್ ಇಟ್ಟುಕೊಂಡಿರುತ್ತವೆ. ದನಗಳಲ್ಲಿ ಇದು ಮೂರು ವರ್ಷ ದಾಟಿದ ಉದಾಹರಣೆಯೂ ಇದೆ. ಆದರೆ ಅಂಥ ಹಸುವಿನಿಂದ ಪಕ್ಕದ ಹಸುವಿಗೆ ಹರಡಿದ್ದನ್ನು ಪ್ರಯೋಗಗಳಲ್ಲಿ ತೋರಿಸುವುದು ಬಹಳ ಕಷ್ಟವಾಗಿದೆ. ಅಪಾಯವಿರುವುದು ಜ್ವರ ಮತ್ತು ಹಸಿ ಹುಣ್ಣಿನ ಹಸುವಿನಿಂದ. ಹೊಸ ರಾಸು ತಂದಾಗ ನಾಲ್ಕು ವಾರ ಬೇರೆ ಕಟ್ಟಿ ಎನ್ನುವುದು ಅದನ್ನು ತಪ್ಪಿಸಲು. ಈ ಸಲ ಆ ನಾಲ್ಕು ವಾರ ತಪ್ಪಿದೆ, ಉಳಿದ ದಿನಗಳಾದರೂ ಬೇರೆ ಇರಲಿ.

ಮಾದರಿ ಕಳಿಸುವಾಗ ಪ್ರತಿ ಟ್ಯೂಬಿನ ಮೇಲೆ ಕಿವಿಯೋಲೆಯ 12 ಅಂಕಿ, ವಯಸ್ಸು, ಕೊನೆಯ ಲಸಿಕೆಯ ದಿನಾಂಕ, ಒಟ್ಟು ಎಷ್ಟು ಸಲ ಲಸಿಕೆಯಾಗಿದೆ, ಹುಣ್ಣು ಕಂಡ ದಿನ, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಸಿ. ಪೆನ್ನಿನ ಬರಹ ಐಸ್ ನೀರಿಗೆ ಅಳಿಸಿಹೋಗಿ, ಯಾವುದು ಲಸಿಕೆಯಾದ ಹಸು, ಯಾವುದು ಅಲ್ಲ ಎಂದೇ ತಿಳಿಯದ ಟ್ಯೂಬುಗಳು ಲ್ಯಾಬಿಗೆ ಬರುವುದುಂಟು. ಕಿವಿಯೋಲೆ ಇಲ್ಲದ ಎರಡು ಹಸುಗಳಿಗೆ ರಕ್ತ ತೆಗೆಯುವ ದಿನವೇ ಹಾಕಿಸಿಬಿಡಿ, ಓಲೆ ಹಾಕುವ ಇಕ್ಕಳವನ್ನು ಹಳೆಯ ಹಸುಗಳತ್ತ ತರುವ ಮೊದಲು ಶೇಕಡಾ 4ರ ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ ತೊಳೆಯಲಿ.